ಸಂಜೆ ಐದರ ಚಂದ್ರ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಚಂದ್ರನನ್ನು ದುರ್ಬೀನಿನಲ್ಲಿ ನೋಡಲು ಹುಣ್ಣಿಮೆಯೇ ಒಳ್ಳೆಯ ದಿನ ಎಂದು ಬಹಳ ಜನ ತಿಳಿದಿದ್ದಾರೆ. ಕುಳಿ ನೋಡುವವರಿಗೆ ಅದೇ ಕೆಟ್ಟ ದಿನ. ನಡುಮಧ್ಯಾಹ್ನ ಹೊಲದಲ್ಲಿ ನಿಂತರೆ ಬದು, ತಗ್ಗು ಎಲ್ಲ ಒಂದೇ ಸಮ ಕಾಣುತ್ತವೆ. ಹೊತ್ತು ಮುಳುಗುವಾಗ ಸಣ್ಣ ಹೆಂಟೆಗೂ ಉದ್ದ ನೆರಳು. ಚಂದ್ರನಲ್ಲೂ ಹಾಗೆಯೇ. ಶುಕ್ಲಪಕ್ಷದಲ್ಲಿ ಬೆಳಕು, ಕತ್ತಲೆ ಕೂಡುವ ಗೆರೆಯ ಮೇಲೆ ಆಗಷ್ಟೇ ಬೆಳಗಾಗುತ್ತಿರುತ್ತದೆ. ಕುಳಿಯ ಅಂಚಿಗೆ ಬಿಸಿಲು, ಒಳಗೆ ನೆರಳು.

ಅಷ್ಟಮಿಯಂದು ಆ ಗೆರೆಯ ನಡುಭಾಗದಲ್ಲಿ ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಚೆಲ್ ಎಂಬ ಮೂರು ಕುಳಿಗಳು ಸಾಲಾಗಿ ಸಿಗುತ್ತವೆ. ದಶಮಿ, ಏಕಾದಶಿಗೆ ಕೋಪರ್ನಿಕಸ್. ನನಗೆ ಇದೇ ಹೆಚ್ಚು ಇಷ್ಟ. ಅಗಲ 93 ಕಿಲೋಮೀಟರ್, ಆಳ ಸುಮಾರು 4 ಕಿಲೋಮೀಟರ್. ಒಂದು ಅಂಚು ಕಲಬುರಗಿಯಲ್ಲಿ ಇಟ್ಟರೆ ಇನ್ನೊಂದು ಹೆಚ್ಚುಕಡಿಮೆ ಬೀದರಿಗೆ ಮುಟ್ಟುತ್ತದೆ. ನಮ್ಮ ಕಮಲಾಪುರ ಬಾಳೆತೋಟ ಸಮೇತ ತಗ್ಗಿನೊಳಗೆ!

ಅಜ್ಜಿ ತೋರಿಸುತ್ತಿದ್ದ ಮೊಲ ಕುಳಿಯಲ್ಲ, ಲಾವಾ ಹರಿದು ಗಟ್ಟಿಯಾದ ಬಯಲು. ಅಲ್ಲಿಯದು ಬಸಾಲ್ಟ್ ಕಲ್ಲು, ನಮ್ಮ ಎರೆ ಹೊಲಗಳ ಕೆಳಗಿನ ಕರಿಗಲ್ಲಿನ ಜಾತಿಯದು. ಇಲ್ಲಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್ ದೂರದ ಲೋಣಾರ್ ಸರೋವರವೂ ಇದೇ ಕರಿಗಲ್ಲಿಗೆ ಉಲ್ಕೆ ಬಡಿದು ಆದ ಕುಳಿ.

ಫೋಟೊಗೆ ದೊಡ್ಡ ಕ್ಯಾಮೆರಾ ಬೇಡ. ಮೊಬೈಲನ್ನು ದುರ್ಬೀನಿನ ಕಣ್ಣಿಗೆ ಹಿಡಿದು, ಪರದೆಯ ಮೇಲೆ ಚಂದ್ರನನ್ನು ಒತ್ತಿ, ಬೆಳಕು ಕಡಿಮೆ ಮಾಡಿ, ವಿಡಿಯೊ ತೆಗೆಯಿರಿ. ಗಾಳಿ ನಡುಗುವುದರಿಂದ ನೂರು ಚೌಕಟ್ಟಿನಲ್ಲಿ ಕೆಲವೇ ಸ್ಪಷ್ಟ ಇರುತ್ತವೆ. ಅವನ್ನು ಆರಿಸಿ ಒಂದರ ಮೇಲೊಂದು ಕೂಡಿಸುವ ಕೆಲಸ ಕಂಪ್ಯೂಟರಿನದು. ಕಲಬುರಗಿಯ ಮಾಳಿಗೆಗಿಂತ ಈ ಶಾಲೆಯ ಮಣ್ಣಿನ ಮೈದಾನ ಮೇಲು. ಹಗಲೆಲ್ಲ ಕಾದ ಶಹಾಬಾದ ಫರ್ಸಿ ರಾತ್ರಿಯೂ ಬಿಸಿ ಬಿಡುತ್ತದೆ, ಕುಳಿಯ ಅಂಚು ಹರಿಯುವ ನೀರಿನೊಳಗೆ ಇದ್ದಂತೆ ಅಲುಗುತ್ತದೆ.

2023ರ ಆಗಸ್ಟ್ 23ರಂದು ವಿಕ್ರಮ್ ಇಳಿದದ್ದನ್ನು ಇಲ್ಲಿನ ಮಕ್ಕಳು ಟಿವಿಯಲ್ಲಿ ನೋಡಿದ್ದಾರೆ. ಅದು ದುರ್ಬೀನಿಗೆ ಕಾಣುವುದಿಲ್ಲ. ದಕ್ಷಿಣದ ಮ್ಯಾಂಜಿನಸ್ ಕುಳಿ ಕಾಣುತ್ತದೆ. ಇಳಿದ ಜಾಗ ಅದರ ಕಡೆಗೇ.

ಈಗ ಮುಖ್ಯ ಮಾತು. ರಾತ್ರಿ ಆಕಾಶ ತೋರಿಸುತ್ತೇವೆ ಎಂದರೆ ಬರುವವರು ಊರೊಳಗಿನ ಹುಡುಗರು. ಹಳ್ಳಿ, ತಾಂಡಾಗಳಿಂದ ಬರುವ ಹೆಣ್ಣುಮಕ್ಕಳು ಬಸ್ ಹಿಡಿದು ಕತ್ತಲಾಗುವ ಮೊದಲೇ ಮನೆ ಸೇರಬೇಕು. ಆದರೆ ದಶಮಿಯ ಚಂದ್ರ ಮಧ್ಯಾಹ್ನವೇ ಹುಟ್ಟಿ, ಸಂಜೆ ಐದಕ್ಕೆ ಪೂರ್ವದಲ್ಲಿ ಚೆನ್ನಾಗಿ ಮೇಲಿರುತ್ತಾನೆ. ಆಗಲೇ ಕುಳಿಗಳು ಕಾಣುತ್ತವೆ. ನೆರಳು ಮಾತ್ರ ಕಪ್ಪಾಗಿರದೆ ಆಕಾಶದ ನೀಲಿಯಾಗಿರುತ್ತದೆ. ಸೂರ್ಯ ಪಶ್ಚಿಮದಲ್ಲಿ ಇರುತ್ತಾನೆ, ದುರ್ಬೀನು ಅತ್ತ ತಿರುಗದಂತೆ ಶಿಕ್ಷಕರೊಬ್ಬರು ಪಕ್ಕದಲ್ಲೇ ನಿಲ್ಲಬೇಕು. ಇದರಲ್ಲಿ ರಾಜಿ ಇಲ್ಲ.

ನನ್ನ ಆರು ಇಂಚಿನ ದುರ್ಬೀನು ಇವತ್ತಿನಿಂದ ಶಾಲೆಯದು. ದಯವಿಟ್ಟು ಬೀರುವಿನಲ್ಲಿಟ್ಟು ಕೀಲಿ ಹಾಕಬೇಡಿ. ಮಳೆಗಾಲ ಮುಗಿದ ಮೊದಲ ದಶಮಿಗೆ, ಶಾಲೆ ಬಿಟ್ಟ ಕೂಡಲೇ, ಬಸ್ಸಿಗೆ ಹೋಗುವ ಹುಡುಗಿಯರ ಸಾಲು ಮೊದಲು.