ಡಾಕ್ಟರಾಗುವ ಮೊದಲು ಕಣ್ಣು ನೋಡುವುದನ್ನು ಕಲಿಯಿರಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ನೇತ್ರ ಸಹಾಯಕರೊಬ್ಬರು ಮಾಡಿದ ಭಾಷಣ)



ಒಂದು ಹಳ್ಳಿಯ ಸಂಘ ಇಪ್ಪತ್ತೈದು ವರ್ಷ ನಡೆದು ಬಂದಿದೆ ಅಂದರೆ ಅದು ಸಾಮಾನ್ಯ ಮಾತಲ್ಲ. ಅದಕ್ಕೆ ಕಾರಣರಾದ ನಿಮಗೆಲ್ಲ ನನ್ನ ನಮಸ್ಕಾರ. ಈಗಷ್ಟೇ ಪ್ರತಿಭಾ ಪುರಸ್ಕಾರ ಪಡೆದ ಮಕ್ಕಳಲ್ಲಿ ಮೂರು ಜನ "ಡಾಕ್ಟರ್ ಆಗ್ತೀನಿ" ಅಂದರು. ಅದನ್ನು ಕೇಳಿ, ಬರೆದು ತಂದಿದ್ದ ಭಾಷಣವನ್ನು ಜೇಬಲ್ಲೇ ಬಿಟ್ಟೆ. ಆ ಮಕ್ಕಳಿಗೇ ನಾಲ್ಕು ಮಾತು ಹೇಳ್ತೀನಿ. ದೊಡ್ಡವರೂ ಕೇಳಿಸಿಕೊಳ್ಳಬೇಕು.

ನಾನು ಪಿ.ಯು.ಸಿ. ಓದುವಾಗ ನಮ್ಮೂರ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೀತು. ಬಂದವರ ಹೆಸರು, ವಯಸ್ಸು, ತೊಂದರೆ ಬರೆದು ಚೀಟಿ ಕೊಡೋದು ನನ್ನ ಕೆಲಸ. ಕೆ.ಆರ್.ನಗರದ ಕಡೆಯ ಒಬ್ಬ ಅಜ್ಜಿ ಸೆರಗಲ್ಲಿ ಕಣ್ಣು ಒತ್ತಿಕೊಂಡು ಬಂದರು. "ಏನವ್ವ?" ಅಂದೆ. "ನೋವು ಕಣ್ ಮಗ" ಅಂದರು. ನಾನು "ಕಣ್ಣು ನೋವು" ಅಂತ ಗೀಚಿ, ಪೊರೆಯವರ ಉದ್ದನೆಯ ಸಾಲಿನ ಕೊನೆಗೆ ಕಳಿಸಿಬಿಟ್ಟೆ. ಎಂದಿನಿಂದ, ಹೇಗಾಯ್ತು, ಏನು ಹಾಕಿದ್ದೀರಿ ಅಂತ ಕೇಳಲೇ ಇಲ್ಲ.

ಮಧ್ಯಾಹ್ನ ಡಾಕ್ಟರು ಕೇಳಿದರು. ಭತ್ತ ಬಡಿಯುವಾಗ ಸುಂಕು ತಾಗಿ ಹದಿನೈದು ದಿನ ಆಗಿತ್ತು. ಯಾರೋ ಹೇಳಿದರು ಅಂತ ಸೊಪ್ಪಿನ ರಸ ಬಿಟ್ಟಿದ್ದರು. ಕರಿಗುಡ್ಡೆಯಲ್ಲಿ ಹುಣ್ಣಾಗಿ, ಕೀವು ತುಂಬಿತ್ತು. ಆ ಕಣ್ಣು ಉಳಿಯಲಿಲ್ಲ. ಡಾಕ್ಟರು ನನಗೆ, "ನಿನ್ನ ಅರ್ಧ ದಿನದಿಂದ ಹೋದ ಕಣ್ಣಲ್ಲಪ್ಪ ಇದು. ಆದರೆ ಮುಂದಿನವರನ್ನು ಸರಿಯಾಗಿ ಕೇಳು" ಅಂದರು. ನನಗೆ ಡಾಕ್ಟರ್ ಸೀಟು ಸಿಗಲಿಲ್ಲ, ನೇತ್ರ ಸಹಾಯಕನಾದೆ. ಆದರೆ ಆ ಮಾತನ್ನು ನಿವೃತ್ತಿಯ ದಿನದವರೆಗೂ ಮರೆಯಲಿಲ್ಲ.

ಈಗ ಎಂ.ಬಿ.ಬಿ.ಎಸ್. ಸೀಟು ನೀಟ್ ಪರೀಕ್ಷೆಯ ಮೇಲೆ. ಶಿಬಿರದಲ್ಲಿ ದುಡಿದರೆ ಅದಕ್ಕೆ ಅಂಕ ಬರೋದಿಲ್ಲ. ಹಾಗಾದರೆ ಯಾಕೆ ಹೋಗಬೇಕು? ರೋಗಿಯ ಮಾತು ಕೇಳುವ ತಾಳ್ಮೆ ನಿಮಗಿದೆಯೋ ಇಲ್ಲವೋ ಅಂತ ಮೊದಲೇ ತಿಳಿಯುತ್ತದೆ, ಅದಕ್ಕೆ. ತಾಳ್ಮೆ ಇದ್ದು ಸೀಟು ಸಿಗದಿದ್ದರೂ ಆಪ್ಟೋಮೆಟ್ರಿ ಪದವಿ ಇದೆ, ನೇತ್ರ ತಂತ್ರಜ್ಞರ ಡಿಪ್ಲೊಮಾ ಇದೆ. ಅವೂ ಕಣ್ಣು ಉಳಿಸುವ ಕೆಲಸವೇ.

ದೊಡ್ಡವರ ಉದಾಹರಣೆ ಬೇಕಾದರೆ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರನ್ನು (1916–2005) ನೋಡಿ. ಆಸ್ಪತ್ರೆಗೆ ಬರಲಾಗದವರ ಊರಿಗೆ ತಾವೇ ಹೋಗಿ ಶಿಬಿರ ಮಾಡಿದರು. 1968ರಲ್ಲಿ ಪದ್ಮಭೂಷಣ ಬಂತು. ನಮ್ಮ ಪಕ್ಕದ ಎಚ್.ಡಿ.ಕೋಟೆಯನ್ನೇ ನೋಡಿ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅನ್ನು 1984ರಲ್ಲಿ ಕಟ್ಟಿದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಸಂಗಡಿಗರು ಆಗಿನ್ನೂ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು. ಡಿಗ್ರಿ ಕೈಗೆ ಬಂದ ಮೇಲೆ ಸೇವೆ ಮಾಡೋಣ ಅಂತ ಕಾಯಲಿಲ್ಲ. ಆಮೇಲೆ ಕಾಡಂಚಿನ ಹಾಡಿಗಳಿಗೆ ಬಂದರು, ಸರಗೂರಿನಲ್ಲಿ ಆಸ್ಪತ್ರೆ ಎದ್ದಿತು.

ಇನ್ನು ಸಂಶೋಧನೆ ಅನ್ನೋ ಮಾತು. ಹೆದರಬೇಡಿ. ನಮ್ಮ ಸಂಘದಲ್ಲಿ ಡಿಗ್ರಿ, ಫ್ಯಾಟ್ ನೋಡದೆ ಹಾಲಿಗೆ ದರ ಹಾಕ್ತಾರಾ? ಎರಡು ಹೊತ್ತೂ ಅಳೆದು, ಪುಸ್ತಕದಲ್ಲಿ ಬರೆದು, ವ್ಯತ್ಯಾಸ ಬಂದರೆ ಯಾಕೆ ಅಂತ ಹುಡುಕ್ತಾರೆ. ಸಂಶೋಧನೆಯ ಬೇರೂ ಅದೇ. ಗೋಡೆಗೆ 'ಇ' ಅಕ್ಷರದ ಫಲಕ ಹಾಕಿ, ಆರು ಮೀಟರ್ ಅಳೆದು ಕೂರಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ನೋಡಬೇಕು. ದೃಷ್ಟಿ 6/60 ಅಂದರೆ, ಒಳ್ಳೆಯ ಕಣ್ಣು ಅರವತ್ತು ಮೀಟರಿನಿಂದ ಕಾಣುವುದನ್ನು ಇವರು ಆರು ಮೀಟರಿನಿಂದ ಕಾಣ್ತಾರೆ. ಅದನ್ನು ಬರೆಯಿರಿ. ಪೊರೆಯೋ, ಚಾಳೀಸೋ, ಪೆಟ್ಟೋ ಅಂತ ಹೇಳುವುದು ಡಾಕ್ಟರ ಕೆಲಸ. ತಡವಾಗಿ ಬಂದವರು ಎಷ್ಟು ಜನ, ಕಾರಣ ಬಸ್ಸೋ, ದುಡ್ಡೋ, ಭಯವೋ ಅಂತ ಕೇಳಿ ಬರೆದಿಡುವುದು ನಿಮ್ಮಿಂದ ಆಗುತ್ತದೆ. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ದಾಟಿದವರ ಕುರುಡಿಗೆ ಶೇಕಡಾ 66ರಷ್ಟು ಪೊರೆಯೇ ಕಾರಣ ಅಂತ ಕಂಡಿತು. ಪೊರೆ ತೆಗೆದರೆ ಸಾಮಾನ್ಯವಾಗಿ ದೃಷ್ಟಿ ಬರುತ್ತದೆ. ಆದರೂ ನಮ್ಮವರು ಯಾಕೆ ಕತ್ತಲಲ್ಲಿ ಕೂತಿದ್ದಾರೆ? ಇದನ್ನು ಊರಿನ ಮಕ್ಕಳು ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಒಂದು ಎಚ್ಚರಿಕೆ. ವಿದ್ಯಾರ್ಥಿಗಳು ಯಾರ ಕಣ್ಣಿಗೂ ಕೈ ಹಾಕಬಾರದು, ಡ್ರಾಪ್ಸ್ ಹಾಕಬಾರದು, ಔಷಧ ಹೇಳಬಾರದು. ಒಪ್ಪಿಗೆ ಕೇಳಿಯೇ ಬರೆಯಬೇಕು. ಬರೆದದ್ದನ್ನು ಜಗಲಿ ಮೇಲೆ ಆಡಬಾರದು.

ಕೊನೆಯದಾಗಿ ಆಡಳಿತ ಮಂಡಳಿಗೆ ಒಂದು ಬಿನ್ನಹ. ಹೊಗೆಸೊಪ್ಪಿನ ಬ್ಯಾರನ್ ಉರಿಯುವ ಹುಣಸೂರು, ಪಿರಿಯಾಪಟ್ಟಣ ಇರಲಿ, ಭತ್ತದ ಕೆ.ಆರ್.ನಗರ ಇರಲಿ, ಹತ್ತಿಯ ಕೋಟೆ ಇರಲಿ, ಕಣ್ಣಿಲ್ಲದೆ ಬೇಸಾಯವಿಲ್ಲ. ವರ್ಷಕ್ಕೊಂದು ದಿನ ಈ ಸಭಾಂಗಣವನ್ನು ತಪಾಸಣೆಗೆ ಬಿಟ್ಟುಕೊಡಿ. ತಾಲ್ಲೂಕು ಆಸ್ಪತ್ರೆಯವರನ್ನು ಕರೆಸಿ. ಆಪರೇಷನ್ ಆಸ್ಪತ್ರೆಯಲ್ಲೇ ಆಗಲಿ. ಹಾಲಿನ ಪುಸ್ತಕದ ಪಕ್ಕದಲ್ಲಿ ಕಣ್ಣಿನದೊಂದು ಪುಸ್ತಕ ಇಟ್ಟು, ಈ ಮೂವರು ಮಕ್ಕಳ ಕೈಗೆ ಪೆನ್ನು ಕೊಡಿ. ಮೊದಲ ಪುಸ್ತಕದ ಖರ್ಚು ನನ್ನದು.

ಮಕ್ಕಳೇ, ಅಜ್ಜಿಯರು ಬಂದಾಗ "ಎಂದಿನಿಂದ ಅವ್ವ?" ಅಂತ ಕೇಳುವುದನ್ನು ಮರೆಯಬೇಡಿ.