ಕಪಿಲೆಯ ಮೇಲಿನ ಹಳೇ ರೈಲು ಸೇತುವೆ

(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಸಂಘದ 25 ವರ್ಷದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಮ್ಮ ಸೀಮೆಯ ಹಳೇ ಸಂಗತಿ ಏನಾದರೂ ಹೇಳಿ ಎಂದು ನಮಗೆ ಅಪ್ಪಣೆಯಾಗಿದೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಮಾಡುವುದು ವ್ಯವಸಾಯ. ಆದ್ದರಿಂದ ದೂರದ ಇತಿಹಾಸಕ್ಕೆ ಹೋಗದೆ, ನಂಜನಗೂಡಿಗೆ ಹೋದಾಗಲೆಲ್ಲ ಕಣ್ಣಿಗೆ ಬೀಳುವ ಒಂದು ವಸ್ತುವಿನ ಬಗ್ಗೆಯೇ ಹೇಳುತ್ತೇವೆ. ಅದೇ ಕಪಿಲಾ ಹೊಳೆಯ ಮೇಲಿನ ಹಳೇ ಸೇತುವೆ, ಅದರ ಮೇಲೆ ಓಡಾಡುತ್ತಿದ್ದ ಚಿಕ್ಕ ರೈಲು.

ಈ ಸೇತುವೆಯನ್ನು ಬ್ರಿಟಿಷರು ಕಟ್ಟಿದ್ದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ರೈಲು ಹೋಗುತ್ತಿತ್ತಲ್ಲ, ಅದಕ್ಕೆ. ಆದರೆ ಇದನ್ನು ಕಟ್ಟಿಸಿದವರು ಮೈಸೂರಿನ ದಳವಾಯಿ ದೇವರಾಜಯ್ಯನವರು, ಸುಮಾರು 1735ರಲ್ಲಿ. ಅವರು ಕಳಲೆ ಮನೆತನದವರು, ಅಂದ್ರೆ ನಮ್ಮ ತಾಲ್ಲೂಕಿನವರೇ! ದಳವಾಯಿಗಳು ರಾಜರನ್ನು ಮೂಲೆಗೆ ಕೂರಿಸಿ ತಾವೇ ದರ್ಬಾರು ನಡೆಸಿದರು ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಿಜವೇ ಇರಬಹುದು. ಆದರೂ ಹೊಳೆ ದಾಟಲು ಹರಿಗೋಲು ಕಾಯುತ್ತಿದ್ದ ಜನಕ್ಕೆ ಕಲ್ಲುಗಾರೆಯ ದಾರಿ ಮಾಡಿಕೊಟ್ಟ ಪುಣ್ಯವನ್ನು ಅವರ ಲೆಕ್ಕದಿಂದ ಹೊಡೆದು ಹಾಕಬಾರದು.

ಆ ಕಾಲ ಎಂಥದ್ದು ಎಂದು ಸ್ವಲ್ಪ ಯೋಚನೆ ಮಾಡಿ. ಹೈದರಾಲಿ ಅಧಿಕಾರ ಹಿಡಿದದ್ದು 1761ರಲ್ಲಿ. ಸೇತುವೆ ಅದಕ್ಕೂ 26 ವರ್ಷ ಮೊದಲಿನದು. ಈಗಿನ ಸಿಮೆಂಟು ಆಗ ಹುಟ್ಟಿರಲಿಲ್ಲ. ಉಗಿ ರೈಲೆಂಬುದು ಲೋಕದಲ್ಲೇ ಇರಲಿಲ್ಲ. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಬೊಂಬಾಯಿಂದ ಠಾಣೆಗೆ ಹೋದದ್ದೇ 1853ರಲ್ಲಿ. ಎತ್ತಿನ ಗಾಡಿ, ಕುದುರೆ, ಕಾಲ್ನಡಿಗೆಯ ಯಾತ್ರಿಕರು, ಇಷ್ಟಕ್ಕೆಂದು ಕಟ್ಟಿದ ಸೇತುವೆ ಅದು. ಕಟ್ಟಿದ ಗಾರೆಯವರ, ಕಲ್ಲು ಹೊತ್ತವರ ಹೆಸರು ಎಲ್ಲೂ ಇಲ್ಲ ಬಿಡಿ.

ಇನ್ನು ರೈಲಿನ ವಿಷಯ. ನಮ್ಮ ಅಜ್ಜಿಯರು ಧಾತು ಈಶ್ವರದ ಬರ ಎನ್ನುತ್ತಿದ್ದರಲ್ಲ, 1876ರಿಂದ 78ರ ಆ ಭೀಕರ ಬರಗಾಲ, ಆಗ ಹಸಿದ ಜನಕ್ಕೆ ಕೂಲಿ ಕೊಡಲು ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಮಾಡಿಸಿದರು. 1882ರಲ್ಲಿ ಮೈಸೂರಿಗೆ ರೈಲು ಬಂತು. 1891ರಲ್ಲಿ ನಂಜನಗೂಡಿಗೆ ಬಂತು. ಹೊಳೆ ದಾಟಿಸಲು ಈ ಹಳೇ ಸೇತುವೆಯ ಮೇಲೆಯೇ ಹಳಿ ಹಾಕಿದರು! ಒಂದು ಪಕ್ಕ ಗಾಡಿ ದಾರಿ, ಇನ್ನೊಂದು ಪಕ್ಕ ರೈಲು ಹಳಿ. ಎತ್ತಿನ ಗಾಡಿಗೆ ಕಟ್ಟಿದ್ದರ ಮೇಲೆ ಎಂಜಿನ್ನು ಹೋಯಿತು, ನೂರು ವರ್ಷಕ್ಕೂ ಮೇಲೆ ಹೋಯಿತು. ಈಗ ಲಕ್ಷಾಂತರ ಖರ್ಚು ಮಾಡಿದ ಮೋರಿ ಮೊದಲ ಮಳೆಗೇ ಬಾಯಿ ಬಿಡುವುದನ್ನು ಕಂಡಿರುವ ನಮಗೆ ಇದು ಸಾಮಾನ್ಯ ಸಂಗತಿ ಅಲ್ಲ.

1926ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಹಳಿ ಚಾಮರಾಜನಗರದವರೆಗೆ ಬೆಳೆಯಿತು. ನಮ್ಮ ಕಡೆಯ ಕವಲಂದೆ, ಗಾಂಧೀಜಿ ಬಂದುಹೋದ ಖಾದಿ ಕೇಂದ್ರದ ಬದನವಾಳು, ಇವೆಲ್ಲ ರೈಲಿನ ಹಾದಿಯ ಊರುಗಳಾದವು. ಮುಂದೆ ಸತ್ಯಮಂಗಲದ ಮೇಲೆ ಮೆಟ್ಟುಪಾಳ್ಯಕ್ಕೆ ಸೇರಿಸುತ್ತಾರೆ ಎಂಬ ಮಾತನ್ನು ನಮ್ಮ ತಾತಂದಿರೂ ಕೇಳಿದರು, ನಾವೂ ಕೇಳಿದೆವು. ಮಧ್ಯೆ ಕಾಡು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹುಲಿಯೂ ಬದುಕಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಪ್ರತಿ ಚುನಾವಣೆಯಲ್ಲೂ ಅದೇ ರೈಲನ್ನು ಬಿಡುತ್ತಾರಲ್ಲ, ಅದಕ್ಕಿದೆ!

ಆ ರೈಲು ಮೀಟರ್ ಗೇಜಿನದು. ಎರಡು ಹಳಿಯ ನಡುವೆ ಒಂದೇ ಮೀಟರು. ನಾವು ಹುಡುಗರಾಗಿದ್ದಾಗ ಕವಲಂದೆಯಲ್ಲಿ ಹತ್ತಿ ಮೈಸೂರಿಗೆ ಹೋಗುತ್ತಿದ್ದೆವು. ಸೇತುವೆ ಬಂದ ಕೂಡಲೇ ಹೆಂಗಸರು ಕಿಟಕಿಯಿಂದ ಹೊಳೆಗೆ ಕಾಸು ಹಾಕಿ, ನಂಜುಂಡೇಶ್ವರನ ಕಡೆ ತಿರುಗಿ ಕೈಮುಗಿಯೋರು. ದೊಡ್ಡ ಜಾತ್ರೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಬಾಗಿಲಿಗೆ ಜೋತುಬೀಳುತ್ತಿದ್ದರು. ಹಿಂದೆ ಬಾಳೆಗೊನೆ, ಎಲೆ ಪಿಂಡಿ, ತರಕಾರಿ ಕುಕ್ಕೆ ಎಲ್ಲ ಅದರಲ್ಲೇ ಮೈಸೂರಿನ ಮಾರ್ಕೆಟ್ಟಿಗೆ ಹೋಗುತ್ತಿತ್ತು ಎಂದು ನಮ್ಮ ಯಜಮಾನರುಗಳು ಹೇಳುತ್ತಾರೆ. ಆಗ ನಂಜನಗೂಡು ರಸಬಾಳೆಯ ತೋಟಗಳು ಇದ್ದವು. ಆಮೇಲೆ ಸೊರಗು ರೋಗ ಬಿದ್ದು ರಸಬಾಳೆ ಅಪರೂಪವಾಯಿತು. ರೈಲು ನಿಧಾನವೇ, ಅದನ್ನು ಮುಚ್ಚಿಡುವುದಿಲ್ಲ. ತಡವಾಗಿ ಬಂದರೂ ಯಾರೂ ಜಗಳ ಆಡುತ್ತಿರಲಿಲ್ಲ. ಸ್ಟೇಷನ್ನಿನ ಮರದ ಕೆಳಗೆ ಹತ್ತೂರ ಸುದ್ದಿ ಸಿಗುತ್ತಿತ್ತು. ಈಗ ನಮ್ಮ ಡೈರಿ ಜಗಲಿಯ ಮೇಲೆ ಬೆಳಗ್ಗೆ ಸಂಜೆ ಸಿಗುತ್ತದಲ್ಲ, ಹಾಗೆ.

ಮೈಸೂರು ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿತು, 2003ರಲ್ಲಿ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆ ಆಯಿತು. ಆಮೇಲೆ ಬ್ರಾಡ್ ಗೇಜ್ ಕೆಲಸ. ಐದೂವರೆ ಅಡಿ ಅಗಲದ ಹಳಿ, ಭಾರದ ಎಂಜಿನ್ನು. ಅದಕ್ಕೆ ಪಕ್ಕದಲ್ಲಿ ಬೇರೆ ಸೇತುವೆ ಕಟ್ಟಿದರು. 2008ರ ಹೊತ್ತಿಗೆ ಹೊಸ ರೈಲು ಓಡತೊಡಗಿತು, ಚಿಕ್ಕ ರೈಲು ನಿಂತಿತು. ಇದರಿಂದ ಅನುಕೂಲವೇ ಆಗಿದೆ. ನಮ್ಮ ಮಕ್ಕಳು ಕಾಲೇಜಿಗೆ, ಕೆಲಸಕ್ಕೆ ಅದರಲ್ಲೇ ಹೋಗಿಬರುತ್ತಾರೆ. ಹಳೇದೇ ಚೆನ್ನಾಗಿತ್ತು ಎಂದು ನಾವು ಹೇಳುವುದಿಲ್ಲ.

ಹಳೇ ಸೇತುವೆಯನ್ನು ಕೆಡವದೆ, ಪಾರಂಪರಿಕ ಸ್ಮಾರಕ ಎಂದು ಉಳಿಸಿದ್ದಾರೆ. ಬಹಳ ಸಂತೋಷ. ಆದರೆ ಉಳಿಸುವುದು ಬೇರೆ, ನೋಡಿಕೊಳ್ಳುವುದು ಬೇರೆ. ರೈಲು ಓಡುತ್ತಿದ್ದಾಗ ಗ್ಯಾಂಗ್‌ಮನ್‌ಗಳು ದಿನಾ ಹಾದಿ ನೋಡುತ್ತಿದ್ದರು. ಗಾರೆಯ ಸಂದಿಯಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆತರೆ ಮೊದಲ ವರ್ಷ ಬೆರಳಲ್ಲಿ ಕೀಳಬಹುದು, ಐದನೇ ವರ್ಷಕ್ಕೆ ಮಚ್ಚು ಬೇಕು, ಹತ್ತನೇ ವರ್ಷಕ್ಕೆ ಮರ ಕಿತ್ತರೆ ಕಲ್ಲೂ ಬರುತ್ತದೆ. ಪಾಳುಬಾವಿ ಇರುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಹೊಳೆಯೂ ಸುಮ್ಮನಿಲ್ಲ. 2018ರಲ್ಲಿ, ಮರುವರ್ಷ 2019ರಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯೇ ಮುಳುಗಿ, ಬಸ್ಸುಗಳು ಸುತ್ತಿಕೊಂಡು ಹೋದವು. ಅಂಥ ಪ್ರವಾಹಕ್ಕೆ ಎದೆಕೊಟ್ಟು ನಿಂತ ಕಂಬಗಳ ಬುಡವನ್ನು ನೀರಿಳಿದ ಮೇಲೆ ತಿಳಿದವರು ಒಮ್ಮೆ ನೋಡಬೇಡವೇ? ಒಂದು ಕಚೇರಿಗೆ ಹೋಗಿ ಕೇಳಿದೆವು. ಇದು ನಮಗೆ ಸೇರಿದ್ದಲ್ಲ, ಪಕ್ಕದಲ್ಲಿ ಕೇಳಿ ಎಂದರು. ಪಕ್ಕದವರು ಇವರನ್ನು ತೋರಿಸಿದರು.

ಅದಕ್ಕೆ ನಮ್ಮ ಎರಡು ಕೋರಿಕೆ ಇದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಮಾಡಿ, ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಸೇತುವೆಯ ತಪಾಸಣೆ ಮಾಡಿ ಗಿಡ ತೆಗೆಸಬೇಕೆಂದು ಸಂಬಂಧಪಟ್ಟ ಎಲ್ಲ ಕಚೇರಿಗೂ ಏಕಕಾಲಕ್ಕೆ ಅರ್ಜಿ ಕಳಿಸೋಣ. ಒಬ್ಬರ ಅರ್ಜಿಗೆ ಕೊಡದ ಉತ್ತರವನ್ನು ಸಂಘದ ಮೊಹರು ಇರುವ ಅರ್ಜಿಗೆ ಕೊಡುತ್ತಾರೆ, ಇದು 25 ವರ್ಷದಲ್ಲಿ ನಾವು ಕಂಡದ್ದು.

ಇನ್ನೊಂದು, ಆ ಚಿಕ್ಕ ರೈಲಿನ ರಟ್ಟಿನ ಟಿಕೆಟ್ಟು, ಸಾಮಾನು ಸಾಗಿಸಿದ ರಸೀದಿ, ಜಾತ್ರೆಯಲ್ಲಿ ತೆಗೆಸಿದ ಫೋಟೋ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ದಯವಿಟ್ಟು ಬಿಸಾಡಬೇಡಿ. ಹಳಿ ಕೆಲಸ ಮಾಡಿದ ಹಿರಿಯರು ಮನೆಯಲ್ಲಿದ್ದರೆ ತಿಳಿಸಿ, ನಾವೇ ಬಂದು ಕೂತು ಬರೆದುಕೊಳ್ಳುತ್ತೇವೆ. ಕಾಗದಪತ್ರವನ್ನು ಸಂಜೆ ಹಾಲು ಹಾಕಲು ಬರುವಾಗ ತಂದು ಕಾರ್ಯದರ್ಶಿಗಳ ಕೈಗೆ ಕೊಟ್ಟರೆ ಸಾಕು. ನಕಲು ತೆಗೆದು ಮಾರನೇ ದಿನವೇ ವಾಪಸ್ಸು ಕೊಡುತ್ತೇವೆ.