ಚಕ್ರ ಸುತ್ತುವುದು ಯಾಕೆ?

ಹತ್ತನೇ ತರಗತಿ ಫಲಿತಾಂಶದ ದಿನ ತಡವಳ ಊರಿನಲ್ಲಿ ಒಂದೊಂದು ಮೊಬೈಲಿನ ಸುತ್ತಲೂ ಗುಂಪು. ಸೀಟ್ ನಂಬರ್ ಹಾಕಿ, ಅವ್ವನ ಹೆಸರು ಹಾಕಿ ಒತ್ತಿದರೆ ಸಣ್ಣ ಚಕ್ರ ಸುತ್ತತೊಡಗುತ್ತದೆ. “ಸಿಗ್ನಲ್ ಇಲ್ಲ ನೋಡವಾ” ಅನ್ನುತ್ತಾನೆ ಅಜ್ಜ. ಇರಬಹುದು. ಆದರೆ ಅಷ್ಟೊಂದು ಮಂದಿ ಒಮ್ಮೆಲೇ ಕೇಳಿದಾಗ, ದೂರದಲ್ಲಿ ಕೂತು ಉತ್ತರ ಕೊಡುವ ಸರ್ವರ್ ಕಂಪ್ಯೂಟರೇ ಏದುಸಿರು ಬಿಡುತ್ತಿರಲೂಬಹುದು.

ಸರ್ವರಿಗೆ ಕೆಲಸ ಹೇಳಿಕೊಡುವ ಪ್ರೋಗ್ರಾಮನ್ನು ಅನೇಕರು ಪೈಥಾನ್ ಭಾಷೆಯಲ್ಲಿ ಬರೆಯುತ್ತಾರೆ. ಗೈಡೋ ವ್ಯಾನ್ ರೋಸಮ್ 1991ರಲ್ಲಿ ಹೊರತಂದ ಭಾಷೆ ಇದು. ಸಾವಿರಾರು ಸಾಲಿನ ಇಂಥ ಪ್ರೋಗ್ರಾಮು ನಿಧಾನವಾದರೆ ಯಾವ ಸಾಲನ್ನು ತಿದ್ದುವುದು?

ಮದುವೆ ಮನೆಯಲ್ಲಿ ಅಡುಗೆ ತಡವಾದರೆ ಎಲ್ಲರೂ ಬೈಯುವುದು ರೊಟ್ಟಿ ಬಡಿಯುವವರನ್ನು. ನೀವು ಬೈಯಬೇಡಿ. ನಿಮಿಷಕ್ಕೊಮ್ಮೆ ಇಣುಕಿ, ಆಗ ಏನು ನಡೆದಿದೆ ಎಂದು ಬರೆದಿಡಿ. 100 ಸಲ ಇಣುಕಿದಾಗ 70 ಸಲ ಎಲ್ಲರೂ ನೀರಿನ ಟ್ಯಾಂಕರಿಗೆ ಕಾಯುತ್ತಿದ್ದರು, 10 ಸಲ ಮಾತ್ರ ರೊಟ್ಟಿ ನಡೆದಿತ್ತು ಅನ್ನೋಣ. ರೊಟ್ಟಿಯನ್ನು ಎರಡು ಪಟ್ಟು ಬೇಗ ಬಡಿದರೂ ಉಳಿಯುವುದು 5 ನಿಮಿಷ! ಟ್ಯಾಂಕರ್ ಹೊತ್ತಿಗೆ ಸರಿಯಾಗಿ ಬಂದರೆ?

ಪೈ-ಸ್ಪೈ ಎಂಬ ಉಪಕರಣ ಮಾಡುವುದು ಇದನ್ನೇ. ಓಡುತ್ತಿರುವ ಸರ್ವರನ್ನು ಬಂದ್ ಮಾಡದೆ, ಹೊರಗಿನಿಂದಲೇ ಸೆಕೆಂಡಿಗೆ 100 ಸಲ ಇಣುಕುತ್ತದೆ. ಒಂದೇ ಒಂದು ಮಾತು: ಸುಮ್ಮನೆ ಕಾಯುತ್ತ ಕೂತವರನ್ನು ಅದು ತಾನಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿ ಎಂದು ಬೇರೆ ಹೇಳಬೇಕು. ಸರ್ವರುಗಳು ಎಷ್ಟೋ ಹೊತ್ತು ಮಾಹಿತಿ ಇಟ್ಟಿರುವ ಡೇಟಾಬೇಸಿನ ಉತ್ತರಕ್ಕೆ ಕಾಯುತ್ತಲೇ ಇರುವುದರಿಂದ ಇದು ಸಣ್ಣ ವಿಷಯವಲ್ಲ. ಪೈಥಾನಿನ ಜೊತೆಗೇ ಬರುವ ಸಿ-ಪ್ರೊಫೈಲ್ ಎಂಬ ಉಪಕರಣದ ರೀತಿಯೇ ಬೇರೆ. ಯಾವ ಕೆಲಸ ಎಷ್ಟು ಸಲ ನಡೆಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಪ್ರತಿಯೊಂದನ್ನೂ ಬರೆದುಕೊಳ್ಳುತ್ತದೆ. ಬರೆಯುವುದಕ್ಕೂ ಹೊತ್ತು ಬೇಕಲ್ಲ, ಅದರಿಂದ ಪ್ರೋಗ್ರಾಮು ಇನ್ನಷ್ಟು ನಿಧಾನವಾಗುತ್ತದೆ. ಗದ್ದಲದ ದಿನ ಇಣುಕುವವನೇ ಮೇಲು.

ನಿಮ್ಮ ಅಣ್ಣಂದಿರು ನೋಡುವ ಇನ್‌ಸ್ಟಾಗ್ರಾಮ್ ಕೂಡ ಪೈಥಾನಿನಲ್ಲೇ ಓಡುತ್ತದೆ. ಅಲ್ಲಿ ಹಲವು ಕೆಲಸಗಾರ ಪ್ರೋಗ್ರಾಮುಗಳು ಕಂಪ್ಯೂಟರಿನ ಒಂದೇ ನೆನಪನ್ನು (ಮೆಮೊರಿ) ಹಂಚಿಕೊಂಡಿದ್ದವು. ಆದರೆ ಕೆಲಸ ಶುರುವಾದದ್ದೇ ತಡ, ಆ ಹಂಚಿಕೆ ಕುಗ್ಗುತ್ತಿತ್ತು. ಯಾವ ವಸ್ತು ಎಷ್ಟು ಕಡೆ ಬಳಕೆಯಲ್ಲಿದೆ ಎಂದು ಪೈಥಾನ್ ಇಡುವ ಎಣಿಕೆಯ ಮೇಲೆ ಎಂಜಿನಿಯರುಗಳಿಗೆ ಮೊದಲು ಅನುಮಾನ. ಒಂದು ಬಗೆಯ ವಸ್ತುಗಳಿಗೆ ಆ ಎಣಿಕೆಯನ್ನು ನಿಲ್ಲಿಸಿ ನೋಡಿದರು, ಏನೂ ಬದಲಾಗಲಿಲ್ಲ. ಆಮೇಲೆ ಅಳೆದರು. ಸಿಕ್ಕಿಬಿದ್ದದ್ದು ಕಸ ಹೆಕ್ಕುವ ಭಾಗ! ಬೇಡವಾದ ಮಾಹಿತಿ ಹುಡುಕುತ್ತ ಅದು ಬೇಕಾದ ವಸ್ತುಗಳ ಮೇಲೂ ಗುರುತು ಹಾಕುತ್ತಿತ್ತು. ಗುರುತು ಬಿದ್ದ ನೆನಪನ್ನು ಹಂಚಿಕೊಳ್ಳಲಾಗದು, ಪ್ರತಿಯೊಬ್ಬನಿಗೂ ಬೇರೆ ನಕಲು ಬೇಕು. ಕಸ ಹೆಕ್ಕುವುದನ್ನು ನಿಲ್ಲಿಸಿದರು; ಸರ್ವರುಗಳ ಕ್ಷಮತೆ 10% ಏರಿತೆಂದು 2017ರಲ್ಲಿ ತಿಳಿಸಿದರು. ಹೆಕ್ಕುವವನನ್ನು ಪೂರ್ತಿ ಮನೆಗೆ ಕಳಿಸದೆ “ಈ ಸಾಮಾನು ಮಾತ್ರ ಮುಟ್ಟಬೇಡ” ಎನ್ನುವ ಸೌಲಭ್ಯವನ್ನೂ ಅವರೇ ಬರೆದುಕೊಟ್ಟರು. 2018ರ ಪೈಥಾನ್ 3.7ರಿಂದ ಅದು ಎಲ್ಲರಿಗೂ ಸಿಗುತ್ತಿದೆ.